ಹದಿನೇಳನೇ ಮನೆಯ ಗವಸು

"ಕಂಪ್ಯೂಟರಾ? ಅದೇನು ಹಾಸ್ಕೊಳ್ಳೋದಾ, ಹೊದ್ಕೊಳ್ಳೋದಾ?"

ಮೊದಲ ಮನೆಯವನು ಹೀಗೆಂದಾಗ ಜರಡಿ ಮನಸಾರೆ ನಕ್ಕಿದ್ದಳು. ಹಾಸಿಗೆ ಹೊಲಿಯುವವರ ಬೀದಿ. ಇಂಥ ಮಾತು ಅವರ ಬಾಯಲ್ಲಿ ಬರದೆ ಇನ್ನಾರ ಬಾಯಲ್ಲಿ ಬರಬೇಕು? ಪಕ್ಕದ ಮನೆಯಾಕೆಯೂ ಅದನ್ನೇ ಅಂದಾಗ ಮುಗುಳ್ನಕ್ಕಳು. ಅದರಾಚೆಯ ಮನೆಯಲ್ಲಿ ಬರೀ ತುಟಿ ಅರಳಿಸಿದಳು. ಈಗ ಬೀದಿಯ ನಡುಮಧ್ಯೆ, ಎರಡೂ ಕಿವಿ ಕೇಳದ ಮುದುಕನೊಬ್ಬ ಇವಳು ಬಾಯಿ ತೆರೆಯುವ ಮೊದಲೇ ಅದೇ ಮಾತನ್ನು ಒದರಿದಾಗ ಅವಳ ನಗು ನಿಂತೇಹೋಯಿತು.

ಗಣತಿ ಕಚೇರಿಯಲ್ಲಿ ಉಳಿದವರದ್ದು ಎಣಿಸುವ ಕೆಲಸ, ಇವಳದ್ದು ಎಣಿಸಿದ್ದನ್ನು ಸೋಸುವ ಕೆಲಸ. ಅದಕ್ಕೇ ಜರಡಿ ಎಂಬ ಹೆಸರು. ವರ್ಷಗಟ್ಟಲೆ ಕಂಡವರ ಬಾಗಿಲು ತಟ್ಟಿದವಳಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಒಂದೇ ಗೋಡೆ ಹಂಚಿಕೊಂಡ ಎರಡು ಮನೆಯವರನ್ನು ಇವತ್ತು ಯಾವ ವಾರ ಎಂದು ಕೇಳಿದರೂ ಒಂದೇ ಥರದ ಉತ್ತರ ಬರುವುದಿಲ್ಲ.

"ಎಲ್ರೂ ಒಂದೇ ಟ್ಯೂಷನ್ನಿಗೆ ಹೋದ ಹಾಗಿದೆ ಮೇಡಂ," ಎಂದ ಜೊತೆಗೆ ಬಂದಿದ್ದ ಕಡ್ಡಿ ಗುಮಾಸ್ತ. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಗಾಳಿ ಬಂದರೆ ಹಾರಿಹೋಗುವಂಥ ಮೈ, ಎದುರಿಗೆ ಯಾರೇ ಇರಲಿ ಕಟ್ಟು ಬೀಳದ ಬಾಯಿ.

"ಮೇಷ್ಟ್ರು ಯಾರು ಅನ್ನೋದೇ ಪ್ರಶ್ನೆ," ಎಂದಳು ಜರಡಿ. ಎಲ್ಲೋ ಈ ಹಾಸ್ಕೊಳ್ಳೋ ಹೊದ್ಕೊಳ್ಳೋ ಮಾತನ್ನು ಕೇಳಿದ ಹಾಗಿದೆಯಲ್ಲ ಎಂದು ಅವಳ ತಲೆಯೊಳಗೆ ಒಂದು ಸೊಳ್ಳೆ ಗುಂಯ್‌ಗುಡುತ್ತಿತ್ತು. ಎಲ್ಲಿ ಎಂದು ಮಾತ್ರ ಹೊಳೆಯಲಿಲ್ಲ.

ಈ ಬೀದಿಯ ಒಂದೊಂದು ಮನೆಯಲ್ಲೂ ಕಂಪ್ಯೂಟರ್ ಇದೆಯೆಂದು ಗಣತಿಯಲ್ಲಿ ಬರೆದುಕೊಂಡು ಬಂದ ಸೀಮೆಸುಣ್ಣದ ಮೇಷ್ಟ್ರು, ಮರುದಿನ ಸಂಜೆ ನೀರಿನ ಟ್ಯಾಂಕಿನ ಮೆಟ್ಟಿಲ ಬುಡದಲ್ಲಿ ತಲೆ ಒಡೆದು ಬಿದ್ದಿದ್ದರು. ಅಂದು ಅವರು ಜರಡಿಗಾಗಿ ಕಾಯಬೇಕಿದ್ದ ಜಾಗವೂ ಅದೇ. ಅಂದಿನಿಂದ ಎಚ್ಚರವೇ ಇಲ್ಲ.

ಕಚೇರಿಗೆ ಇದು ಬಹಳ ಸುಲಭದ ಲೆಕ್ಕವಾಗಿತ್ತು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ! ಹಾಸಿಗೆ ಹೊಲಿಯೋರ ಮನೇಲಿ ಕಂಪ್ಯೂಟರಂತೆ," ಎಂದು ದೊಡ್ಡಸಾಹೇಬರು ಕರವಸ್ತ್ರಕ್ಕೆ ಮೂಗು ಸೀಟಿ ನಕ್ಕಿದ್ದರು. ಅವರಿಗೆ ವರ್ಷಪೂರ್ತಿ ನೆಗಡಿ. ಮೇಷ್ಟ್ರು ಮನೆಯಲ್ಲೇ ಕೂತು ಸುಳ್ಳು ತುಂಬಿದ, ಸಿಕ್ಕಿಬೀಳುತ್ತೇನೆಂದು ಹೆದರಿ ಮೇಲಿಂದ ಹಾರಿದ, ಅಷ್ಟೇ. ಇವತ್ತು ಸಂಜೆಯೊಳಗೆ ಮರುಎಣಿಕೆ ಮಾಡಿ ಸೊನ್ನೆ ಹಾಕಿ ಕಳಿಸಿ ಎಂದು ಅಪ್ಪಣೆಯಾಗಿತ್ತು.

ಜರಡಿ ಸೊನ್ನೆ ಹಾಕಿದರೆ ಮೇಷ್ಟ್ರು ಸುಳ್ಳ, ಹೇಡಿ ಎಂದಾಗುತ್ತದೆ, ಪೊಲೀಸರು ಕೈತೊಳೆದುಕೊಳ್ಳುತ್ತಾರೆ. ಮೇಷ್ಟ್ರ ಎಣಿಕೆ ನಿಜವಾಗಿದ್ದರೆ ಅವರನ್ನು ಯಾರೋ ತಳ್ಳಿದ್ದಾರೆ. ತಳ್ಳಿದವನು ಮೇಷ್ಟ್ರು ಎಚ್ಚರಗೊಳ್ಳುವುದನ್ನು ಎಲ್ಲೋ ಕೂತು ಕಾಯುತ್ತಿದ್ದಾನೆ.

"ನಮ್ಮನೆಯವ್ರು ಮಕ್ಕಳಿಗೆ ಅರ್ಧ ಮಾರ್ಕನ್ನೂ ಸುಮ್ನೆ ಕೊಟ್ಟೋರಲ್ಲ ಮೇಡಂ. ಇಲ್ಲದ ಕಂಪ್ಯೂಟರ್ ಇದೆ ಅಂತ ಬರೀತಾರಾ?" ಎಂದು ಮೇಷ್ಟ್ರ ಹೆಂಡತಿ ಅವಳ ಮೇಜಿನ ಮುಂದೆ ನಿಂತು ಕೇಳಿದ್ದರು. ಅದಕ್ಕೇ ಜರಡಿ ಸೊನ್ನೆ ಹಾಕುವ ಮೊದಲು ತಾನೇ ಬೀದಿಗೆ ಬಂದಿದ್ದಳು.

ಅದೇ ಹೆಂಗಸಿನ ಫೋನು ಈಗ ಮತ್ತೆ ಬಂತು.

"ಮೇಡಂ, ಡಾಕ್ಟ್ರು ಇವತ್ತೋ ನಾಳೆಯೋ ಎಚ್ಚರ ಆಗ್ಬೋದು ಅಂದ್ರು. ಕೈಬೆರಳು ಅಲ್ಲಾಡ್ತಿದೆ. ನಂಗೆ ಖುಷಿಪಡಬೇಕೋ ಹೆದರಬೇಕೋ ಗೊತ್ತಾಗ್ತಿಲ್ಲ. ಯಾರ್ಯಾರೋ ಬಂದು ಇಣುಕಿ ಹೋಗ್ತಾರೆ. ಕಣ್ಣು ಎಳೀತಿದೆ, ಮಲಗಿದ್ರೆ ಏನಾಗುತ್ತೋ ಅಂತ ಭಯ."

"ಧೈರ್ಯವಾಗಿರಿ. ನಮ್ಮೋರೊಬ್ಬರನ್ನ ಕಳಿಸ್ತೀನಿ."

ನಮ್ಮೋರು ಎಂದರೆ ಇನ್ನಾರು? ಅಪ್ಪ ಅಮ್ಮ ಹೋದಾಗ ಏಳು ವರ್ಷದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಅವನಿಗಾಗಿ ಮದುವೆಯ ಮಾತನ್ನೇ ಎತ್ತಲಿಲ್ಲ. ಈಗ ಅವನದೊಂದು ಟೆಂಪೊ ಇದೆ, ಸಾಮಾನು ಸಾಗಿಸುತ್ತಾನೆ. ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಜೊತೆಗೆ ಅಕ್ಕ, ಎಲ್ಲರೂ ಒಂದೇ ಸೂರಿನಡಿ.

"ಹೇಳಕ್ಕಾ."

"ಕೆಲಸ ಇದ್ರೂ ಬಿಟ್ಟು ಆಸ್ಪತ್ರೆಗೆ ಹೋಗ್ತೀಯೇನೋ? ಮೇಷ್ಟ್ರ ಹೆಂಡತಿ ಸುಸ್ತಾಗಿದಾರೆ, ಮನೆಗೆ ಕಳಿಸು. ನೀನು ಹತ್ತಿರ ಕೂತಿರು. ಅವರಿಗೆ ಎಚ್ಚರ ಆಗೋ ಹಾಗಿದೆಯಂತೆ."

ಆ ಕಡೆ ತಟ್ಟೆ ಸರಿಸಿದ ಸದ್ದಾಯಿತು. ಆಮೇಲೆ, "ಹೌದಾ? ಒಳ್ಳೇದಾಯ್ತು. ಈಗಲೇ ಹೊರಟೆ," ಎಂದ.

"ನಾನು ಬರೋ ತನಕ ಯಾರನ್ನೂ ಒಳಗೆ ಬಿಡಬೇಡ. ನಮ್ಮ ದೊಡ್ಡಸಾಹೇಬ್ರು ಬಂದ್ರೂ ಅಷ್ಟೇ. ಬಾಗಿಲು ಹಾಕ್ಕೊಂಡು ಕೂತ್ಕೋ."

"ನೀನು ಹೇಳಿದ ಮೇಲೆ ಮುಗೀತು."

ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. "ತಮ್ಮ ಅಂದ್ರೆ ಹೀಗಿರಬೇಕು ಮೇಡಂ," ಎಂದ ಕಡ್ಡಿ. "ನನಗೂ ಒಬ್ಬ ಇದಾನೆ. ಫೋನ್ ಮಾಡಿದ್ರೆ ತಾನು ಸತ್ತುಹೋಗಿದ್ದೀನಿ ಅಂತ ತಾನೇ ಹೇಳ್ತಾನೆ."

ಬೀದಿ ತುಂಬ ಹತ್ತಿ. ಜಗುಲಿಗಳ ಮೇಲೆ ಅರಳೆಯ ರಾಶಿ, ಹಿಂಜುವ ಬಿಲ್ಲಿನ ಟಂಯ್ ಟಂಯ್ ಸದ್ದು, ಗಾಳಿಯಲ್ಲಿ ತೇಲುವ ಎಳೆಗಳು. ಕಡ್ಡಿಯ ಹುಬ್ಬು ಆಗಲೇ ಬೆಳ್ಳಗಾಗಿತ್ತು. ಪ್ರತಿ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ ಬರೆದ ಮನೆ ನಂಬರು. ಉಳಿದ ಗಣತಿದಾರರು ಸುಮ್ಮನೆ ಅಂಕೆ ಗೀಚಿ ಹೋಗುತ್ತಾರೆ. ಮೇಷ್ಟ್ರು ಮಾತ್ರ ಅಂಕೆಯ ಸುತ್ತ ಬಟ್ಟಲಿನಂಥ ಗುಂಡು ಎಳೆದು, ಕೆಳಗೆ ಒಂದು ಸರಿ ಗುರುತು ಹಾಕಿದ್ದರು. ಆ ಗುರುತಿನ ಬಾಲ ಉದ್ದವಾಗಿ ಹೋಗಿ ತುದಿಯಲ್ಲಿ ಕೊಂಚ ಸುರುಳಿಯಾಗಿತ್ತು. ಇಷ್ಟು ಆಸ್ಥೆಯಿಂದ ಬಾಗಿಲಿಗೆ ಅಂಕೆ ಬರೆಯುವ ಮನುಷ್ಯ ಮನೆಯಲ್ಲಿ ಕೂತು ಸುಳ್ಳು ಲೆಕ್ಕ ಬರೆಯುತ್ತಾನೆಯೇ?

"ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರೆ," ಎಂದು ಗೊಣಗಿದಳು. "ಇಲ್ಲಿ ಕಾಣ್ತಾನೇ ಇಲ್ಲವಲ್ಲ."

"ಇದ್ದರೆ ತಾನೇ ಕಾಣೋಕೆ? ಕಂಪ್ಯೂಟರು ನಮ್ಮನೇಲೇ ಇಲ್ಲ," ಎಂದ ಕಡ್ಡಿ.

"ನಮ್ಮನೆಗೇ ಬಂದಿದ್ದು ಹೋದ ವಾರ. ಅದೂ ಯಾವುದೋ ಆಫೀಸಿನ ಹಳೇ ಮಾಲು," ಎಂದಳು ಜರಡಿ.

ಆಗ ಅವಳ ಕಣ್ಣಿಗೆ ಬಿದ್ದದ್ದು ಗಿಳಿಯ ಪಂಜರ.

ಜಗುಲಿಯಲ್ಲಿ ನೇತುಹಾಕಿದ ಪಂಜರಕ್ಕೆ ನೀಲಿ ಬಿಳಿ ಪಟ್ಟೆಯ ಹಾಸಿಗೆ ಬಟ್ಟೆಯ ಗವಸು. ಅಂಚಿಗೆ ಕೆಂಪು ದಾರದ ಚೆಂದದ ಹೊಲಿಗೆ. ಆದರೆ ಪಂಜರ ದುಂಡಗೆ, ಗವಸು ಚೌಕ! ನಾಲ್ಕು ಮೂಲೆ ಜೋತುಬಿದ್ದು ಒಳಗಿನ ಗಿಳಿ ಡೇರೆಯಲ್ಲಿ ಕೂತಂತೆ ಕೂತಿತ್ತು.

ಜರಡಿ ಹಿಂದಿರುಗಿ ನೋಡಿದಳು. ಕಿವುಡ ಮುದುಕನ ಮನೆಯ ನೀರಿನ ಹಂಡೆಯ ಮೇಲೆ ಅಂಥದ್ದೇ ಗವಸು. ಅದರಾಚೆ ಮೂರು ಕಾಲಿನ ಪೀಠಕ್ಕೆ ಹೊದಿಸಿದ್ದರು. ಎದುರು ಮನೆಯ ಪುಟ್ಟ ಹುಡುಗಿ ಅದನ್ನೇ ತಲೆಗೆ ಹಾಕಿಕೊಂಡು ರಾಣಿಯ ಹಾಗೆ ಓಡಾಡುತ್ತಿದ್ದಳು. ಎಲ್ಲವೂ ಒಂದೇ ಬಟ್ಟೆ, ಒಂದೇ ಅಳತೆ. ಆದರೆ ಒಂದೂ ಹೊದಿಸಿದ ವಸ್ತುವಿಗೆ ಕೂಡುತ್ತಿಲ್ಲ.

ಈ ಬೀದಿಯವರ ಅಳತೆ ಊರಿಗೆಲ್ಲ ಗೊತ್ತು. ಮಂಚವನ್ನು ಬಾಗಿಲಿನಿಂದ ನೋಡಿಯೇ ಹಾಸಿಗೆ ಕತ್ತರಿಸುವ ಜನ. ಒಂದು ಬೆರಳು ಹೆಚ್ಚುಕಮ್ಮಿಯಾದರೆ ರಾತ್ರಿ ನಿದ್ದೆ ಮಾಡದವರು. ಅಂಥವರ ಮನೆಮನೆಯಲ್ಲೂ ಅಳತೆ ತಪ್ಪಿದ ಗವಸು!

"ಕಡ್ಡಿಯವರೇ," ಎಂದಳು ತಗ್ಗಿದ ದನಿಯಲ್ಲಿ, "ಈ ಗವಸಿನ ಹಿಂಭಾಗ ನೋಡಿ."

ಹಿಂಭಾಗದಲ್ಲಿ ಗೇಣುದ್ದದ ಒಂದು ಸೀಳು. ಹರಿದದ್ದಲ್ಲ; ಅಂಗಿಯ ಕಾಜಕ್ಕೆ ಹೊಲಿಯುವ ಹಾಗೆ ಸುತ್ತ ದಾರ ಸುತ್ತಿ ಹೊಲಿದದ್ದು.

"ಗಿಳಿಗೆ ಬಾಲ ಆಚೆ ಬಿಡೋಕಿರಬೇಕು," ಎಂದ ಕಡ್ಡಿ. ಮರುಕ್ಷಣ ಅವನ ಮುಖವೇ ಬಿಳಿಚಿಕೊಂಡಿತು. "ಮೇಡಂ... ವೈರು!"

ಬೀದಿಯ ಕೊನೆಗೆ ಹದಿನೇಳನೇ ಮನೆ. ಅಲ್ಲಿ ಕೂತಿದ್ದವಳು ಬೀದಿಗೇ ಹಿರಿಯಳಾದ ದಬ್ಬಣದಜ್ಜಿ. ಕೈಯಲ್ಲಿ ಗೇಣುದ್ದದ ದಬ್ಬಣ, ತೊಡೆಯ ಮೇಲೆ ಅರ್ಧ ತುಂಬಿದ ಹಾಸಿಗೆ. ಮೂಲೆಯ ಹೊಲಿಗೆ ಯಂತ್ರದ ಮೇಲೆ ಅದೇ ನೀಲಿ ಪಟ್ಟೆಯ ಗವಸು ಸೋತು ಮಲಗಿತ್ತು.

"ಬಾ ತಾಯಿ, ಕೂತ್ಕೋ. ಕಂಪ್ಯೂಟರ್ ವಿಷಯ ಆದ್ರೆ ಮೊದಲೇ ಹೇಳ್ಬಿಡ್ತೀನಿ. ಅದೇನು ಹಾಸ್ಕೊಳ್ಳೋದಾ..."

"ಹೊದ್ಕೊಳ್ಳೋದಾ," ಎಂದು ಜರಡಿಯೇ ಮುಗಿಸಿದಳು. "ಅದು ಹಾಗಿರಲಿ ಅಜ್ಜಿ. ನಾನೊಂದು ಹಾಸಿಗೆ ಹೊಲಿಸೋಣ ಅಂತ ಬಂದೆ."

"ಹೊಲಿಸು, ಹೊಲಿಸು. ಒಬ್ಬರಿಗೋ ಇಬ್ಬರಿಗೋ?"

"ಒಬ್ಬಳಿಗೇ. ಆದ್ರೆ ಈಗ ಯಾಕೋ ಭಯ ಆಗ್ತಿದೆ. ನಿಮ್ಮ ಕೈಯಳತೆ ತಪ್ಪೋದೇ ಇಲ್ಲ ಅಂತ ಕೇಳಿದ್ದೆ. ಇದೇನಜ್ಜಿ, ಅಪ್ಪನ ಅಂಗೀನ ಮಗನಿಗೆ ಹಾಕಿದ ಹಾಗಿದೆ?" ಎಂದು ಹೊಲಿಗೆ ಯಂತ್ರದತ್ತ ಬೆರಳು ತೋರಿದಳು.

ದಬ್ಬಣ ಬಟ್ಟೆಯ ನಡುವೆಯೇ ನಿಂತಿತು.

"ಯಾರ ಅಳತೆ ತಪ್ಪಿದ್ದು?"

"ಬೇಜಾರು ಮಾಡ್ಕೋಬೇಡಿ. ವಯಸ್ಸಾಯ್ತು, ಕಣ್ಣು ಮಂಜು..."

"ಕಣ್ಣು ಮಂಜಾದ್ರೆ ಕೈಗೇನಾಗುತ್ತೆ?" ಅಜ್ಜಿಯ ದನಿ ಮಾಡಿಗೆ ತಾಗಿತು. "ಈ ಕೈಯಲ್ಲಿ ಹೊಲಿದ ಹಾಸಿಗೆ ಮೇಲೆ ಈ ಊರಿನ ಅರ್ಧ ಜನ ಹುಟ್ಟಿದಾರೆ! ನನ್ನ ಅಳತೆ ತಪ್ಪುತ್ತಾ? ಅದನ್ನ ಹೊಲಿದಿದ್ದು ಈ ಯಂತ್ರಕ್ಕಲ್ಲ ಕಣೇ, ಆ ಡಬ್ಬಕ್ಕೆ..."

ಮಾತು ಅಲ್ಲೇ ಕಚ್ಚಿಕೊಂಡಿತು. ಅಜ್ಜಿ ಬಾಯಿಗೆ ಸೆರಗು ಒತ್ತಿದಳು.

"ಯಾವ ಡಬ್ಬಕ್ಕೆ ಅಜ್ಜಿ?"

ಬಾಗಿಲಲ್ಲಿ ಇಣುಕುತ್ತಿದ್ದ ಎರಡು ತಲೆಗಳು ಸರಕ್ಕನೆ ಹಿಂದೆ ಸರಿದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ ಎಂದುಕೊಂಡ ಕಡ್ಡಿ, ಬಾಗಿಲು ಮುಂದೆ ಮಾಡಿದ.

ಜರಡಿ ನೆಲದ ಮೇಲೆ, ಅಜ್ಜಿಯ ಎದುರಿಗೇ ಕೂತಳು. "ನಂಬರ್ ಬರೆಯೋಕೆ ಬಂದಿದ್ದ ಮೇಷ್ಟ್ರು ನೆನಪಿದಾರಾ?"

"ನೆನಪಿಲ್ದೆ ಏನು? ಬಂಗಾರದಂಥ ಮನುಷ್ಯ. ಇದೇ ಹೊಸಲ ಮೇಲೆ ಕೂತು ನೀರು ಕುಡಿದ್ರು. ಬೇರೆ ಊರಿಗೆ ವರ್ಗ ಆಯ್ತಂತಲ್ಲ."

"ಹಾಗಂತ ಯಾರು ಹೇಳಿದ್ರು?"

ಅಜ್ಜಿ ಹಾಸಿಗೆಯ ಮೂಲೆ ಎಳೆದು ದಬ್ಬಣ ಚುಚ್ಚಿದಳು.

"ವರ್ಗ ಆಗಿಲ್ಲ ಅಜ್ಜಿ. ಇಲ್ಲಿಂದ ಹೋದ ಮರುದಿನವೇ ಅವರನ್ನ ನೀರಿನ ಟ್ಯಾಂಕಿನ ಮೇಲಿಂದ ಯಾರೋ ತಳ್ಳಿದಾರೆ. ತಲೆ ಎರಡು ಹೋಳಾಗಿದೆ. ಬದುಕ್ತಾರೋ ಇಲ್ವೋ ಗೊತ್ತಿಲ್ಲ. ನೀವು ಕಂಪ್ಯೂಟರ್ ಇರ್ಲೇ ಇಲ್ಲ ಅಂದ್ರೆ ಅವರು ಸುಳ್ಳ ಅಂತ ಆಗುತ್ತೆ. ಸುಳ್ಳನ ಹೆಂಡತಿಗೆ ಯಾರೂ ನ್ಯಾಯ ಕೊಡಲ್ಲ."

ಅಜ್ಜಿಯ ಕೈಯಿಂದ ದಬ್ಬಣ ಜಾರಿತು. ಎದೆ ಎದೆ ಬಡಿದುಕೊಂಡಳು.

"ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ! ಇದೆ ಅಂದೋಳು ನಾನೇ ಕಣವ್ವ, ಮೊದಲು ಇದೆ ಅಂದೋಳು ನಾನೇ!"

ಆಮೇಲೆ ತಡೆಯಿಲ್ಲದೆ ಬಂತು. ಎರಡು ತಿಂಗಳ ಹಿಂದೆ ಒಬ್ಬ ಬಂದ. ಮನೆಗೊಂದು ಪೆಟ್ಟಿಗೆ ಇಟ್ಟುಕೊಳ್ಳಿ, ಕೇಳಿದಾಗ ವಾಪಸ್ ಕೊಡಿ, ಬದಲಿಗೆ ಮನೆಗೊಂದು ಮೂಟೆ ಅರಳೆ ಎಂದ. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಪರರ ಸಾಮಾನು ಮನೆಯಲ್ಲಿ ಇದ್ದಷ್ಟು ದಿನ ಅದಕ್ಕೆ ಧೂಳು ತಾಗಬಾರದು, ಅದು ಈ ಬೀದಿಯ ಹಳೆಯ ವ್ರತ. ರಿಪೇರಿಗೆ ಬಂದ ಹಳೆ ದಿಂಬನ್ನೂ ಬಟ್ಟೆ ಸುತ್ತಿಯೇ ಇಡುತ್ತಾರೆ. ಅಜ್ಜಿ ಅಳತೆ ತೆಗೆದು ಗವಸು ಹೊಲಿದಳು, ಅವಳನ್ನು ನೋಡಿ ಬೀದಿಯೆಲ್ಲ ಹೊಲಿಯಿತು.

"ಮೇಷ್ಟ್ರು ಬಂದು ಮನೇಲಿ ಕಂಪ್ಯೂಟರ್ ಇದೆಯಾ ಅಂದ್ರು. ಇದೆ ಅಂದೆ. ನಿಮ್ಮದಾ ಅಂತ ಅವರು ಕೇಳ್ಲಿಲ್ಲ. ಕೇಳದೇ ಇದ್ದಿದ್ದಕ್ಕೆಲ್ಲ ಉತ್ತರ ಕೊಡೋಕೆ ನಾನೇನು ರೇಡಿಯೋನಾ?"

ಜರಡಿಗೆ ನಗು ಬಂತು. ಎಂಥ ಎಣಿಕೆ! ಇದ್ದದ್ದನ್ನು ಇದ್ದ ಹಾಗೇ ಬರೆದಿದ್ದಾರೆ. ಕೇಳಿದವರೂ ಸುಳ್ಳು ಹೇಳಿಲ್ಲ, ಹೇಳಿದವರೂ ಸುಳ್ಳು ಹೇಳಿಲ್ಲ. ಸುಳ್ಳು ಅಂದದ್ದು ಕಚೇರಿಯೊಂದೇ.

"ಶಾಲೆಗಳಿಗೆ ಹಂಚೋಕೆ ತಂದಿಟ್ಟ ಕಂಪ್ಯೂಟರುಗಳು ಗೋದಾಮಿನಿಂದ ಮಾಯ ಆದವಲ್ಲ ಮೇಡಂ!" ಕಡ್ಡಿಗೆ ಉಸಿರು ಸಿಗುತ್ತಿರಲಿಲ್ಲ. "ಅದೂ ಎರಡು ತಿಂಗಳ ಹಿಂದೇನೇ. ಪೊಲೀಸ್ರು ದೊಡ್ಡ ದೊಡ್ಡ ಗೋದಾಮು ಹುಡುಕಿದ್ದೇ ಹುಡುಕಿದ್ದು. ಕಳ್ಳ ಮಾತ್ರ ಬೀದಿ ತುಂಬ ಮನೆಗೊಂದು ಬಿತ್ತಿಬಿಟ್ಟಿದ್ದ!"

"ಮೇಷ್ಟ್ರು ಕಂಪ್ಯೂಟರನ್ನ ಕಣ್ಣಾರೆ ನೋಡಿದ್ರಾ ಅಜ್ಜಿ?"

"ನೋಡೋದೇನು, ಗವಸು ತೆಗೆಸಿ ಡಬ್ಬದ ಬೆನ್ನಿಗೂ ಸೀಮೆಸುಣ್ಣದಲ್ಲಿ ನಂಬರ್ ಬರೆದ್ರು. ಬಾಗಿಲ ಮೇಲೆ ಬರೆದ ಹಾಗೇ, ಗುಂಡು ಹಾಕಿ, ಬಾಲ ಎಳೆದು. ಯಾಕಪ್ಪಾ ಅಂದೆ. 'ನೀವೆಲ್ಲ ಸೇರ್ಕೊಂಡು ಒಂದೇ ಡಬ್ಬಾನ ಮನೆಯಿಂದ ಮನೆಗೆ ಹೊತ್ತು ತೋರಿಸ್ತಿದ್ದೀರೇನೋ ಅಂತ ಅನುಮಾನ ಅಜ್ಜಿ. ಒಂದನ್ನೇ ಎರಡು ಸಲ ಎಣಿಸಬಾರದಲ್ಲ' ಅಂದ್ರು. ಮರುದಿನ ಕತ್ತಲಾಗೋ ಮುಂಚೆ ಅವನ ಆಳುಗಳು ಬಂದು ಎಲ್ಲಾನೂ ಎತ್ಕೊಂಡು ಹೋದ್ರು. ಯಾರಾದ್ರೂ ಕೇಳಿದ್ರೆ ಏನನ್ನಬೇಕು ಅಂತ ಅವನೇ ಹೇಳಿಕೊಟ್ಟ. ನಮಗೂ ನಗು ಬಂತು, ಒಪ್ಪಿಕೊಂಡ್ವಿ."

"ಗವಸು ಬಿಟ್ಟು ಹೋದರಲ್ಲ?"

"ಅವನೇ ಬೇಡ ಅಂದ. ಹತ್ತಿ ಬಟ್ಟೆ ಅಲ್ಲೇ ಬಿಸಾಕಿ ಅಂತ ಬೀದಿ ತುದಿಯಿಂದಲೇ ಕೂಗಿದ. ಒಂದು ದಿನವೂ ಒಳಗೆ ಕಾಲಿಟ್ಟೋನಲ್ಲ. ಮೂಗಿಗೆ ಬಟ್ಟೆ ಒತ್ಕೊಂಡು, ಅಲ್ಲೇ ನಿಂತು ಸೀನೋದು, ಸೀನೋದು. ಮುಖ ನನಗೆ ಕಾಣಲ್ಲ ತಾಯಿ, ದೂರ ಎಲ್ಲ ಮಂಜು."

ಜರಡಿ ಮತ್ತು ಕಡ್ಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರ ಕಣ್ಣ ಮುಂದೆಯೂ ಒಂದೇ ಕರವಸ್ತ್ರ ಸುಳಿಯಿತು.

"ದೊಡ್ಡಸಾಹೇಬ್ರು," ಎಂದ ಕಡ್ಡಿ, ಬರೀ ತುಟಿಯಲ್ಲಿ. "ಆ ಕಂಪ್ಯೂಟರ್ ಹಂಚೋ ಸಮಿತೀಲಿ ಅವರೂ ಇದ್ರು. ಬೇಲಿಯೇ ಎದ್ದು ಹೊಲ ಮೇಯ್ತಲ್ಲ ಮೇಡಂ! ಸೊನ್ನೆ ಹಾಕು, ಸೊನ್ನೆ ಹಾಕು ಅಂತ ಬೆನ್ನು ಹತ್ತಿದ್ದು ಇದಕ್ಕೇ!"

"ಸುಮ್ನಿರಿ. ಒಂದು ಗವಸು, ಒಂದು ಸೀನು ಹಿಡ್ಕೊಂಡು ಅವರ ಕೊರಳಿಗೆ ಕೈ ಹಾಕಕ್ಕಾಗುತ್ತಾ? ಇದು ಯಾವುದೋ ಪೆಟ್ಟಿಗೆಯ ಗವಸು ಅಂದ್ರೆ ಏನು ಮಾಡ್ತೀರಿ?" ಜರಡಿ ಹೊಲಿಗೆ ಯಂತ್ರದ ಮೇಲಿದ್ದ ಗವಸನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. "ಮೊದಲು ಇದು ಕಂಪ್ಯೂಟರಿಗೇ ಕೂಡುತ್ತಾ ನೋಡಬೇಕು. ನಮ್ಮನೆ ಇಲ್ಲೇ ಹತ್ತಿರ. ನೀವು ಕಚೇರಿಗೆ ಹೋಗಿ. ದೊಡ್ಡಸಾಹೇಬ್ರನ್ನ ಏನಾದ್ರೂ ಮಾತಿಗೆಳೆದು ಕೂರಿಸ್ಕೊಂಡಿರಿ."

"ನನ್ನ ಬಡ್ತಿ ವಿಷಯ ಎತ್ತುತ್ತೀನಿ. ಸಂಜೆ ತನಕ ಸಾಕಾಗುತ್ತೆ."

ಹೊರಡುವಾಗ ಅಜ್ಜಿ ಕೈ ಹಿಡಿದಳು. "ಮೇಷ್ಟ್ರಿಗೆ ಎಚ್ಚರ ಆದ್ರೆ ಹೇಳು ತಾಯಿ, ಹದಿನೇಳನೇ ಮನೆ ಮುದುಕಿ ಬಂದು ಸಾಕ್ಷಿ ಹೇಳ್ತಾಳೆ ಅಂತ."

ಮನೆ ತಲುಪಿದಾಗ ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ತಮ್ಮನ ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಜರಡಿ ಚಪ್ಪಲಿ ಬಿಡುವುದನ್ನೂ ಮರೆತು ನೇರ ಒಳಗೆ ನಡೆದಳು. ಗೋಡೆಗೆ ಆನಿಸಿದ ಮೇಜು, ಅದರ ಮೇಲೆ ಪರದೆ, ಪಕ್ಕದಲ್ಲಿ ಕಪ್ಪು ಡಬ್ಬ. ಹೋದ ವಾರ ತಮ್ಮ ಮಗಳಿಗೆಂದು ತಂದದ್ದು. ಗವಸನ್ನು ಬಿಡಿಸಿ ಡಬ್ಬದ ಮೇಲೆ ಇಳಿಸಿದಳು.

ಕೈಗೆ ಬಳೆ ಏರಿದ ಹಾಗೆ ಇಳಿಯಿತು. ಒಂದು ಮಡಿಕೆಯಿಲ್ಲ, ಒಂದು ಬೆರಳು ಸಡಿಲವಿಲ್ಲ. ಭಲೆ ಅಜ್ಜಿ! ಜರಡಿಗೆ ಕುಣಿಯುವಷ್ಟು ಖುಷಿಯಾಯಿತು. ಮೇಷ್ಟ್ರು ಗೆದ್ದರು. ಇನ್ನು ಸೊನ್ನೆಯನ್ನು ದೊಡ್ಡಸಾಹೇಬರೇ ತಿನ್ನಲಿ.

"ಇದೇನತ್ತಿಗೆ, ಕಂಪ್ಯೂಟರಿಗೆ ಹಾಸಿಗೆ ಬಟ್ಟೆ?" ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ಕಿಸ್ಸನೆ ನಕ್ಕಳು. "ನಿಮ್ಮ ತಮ್ಮ ಮಗಳನ್ನ ರೇಗಿಸ್ತಿರ್ತಾರಲ್ಲ, ಇದೇನು ಹಾಸ್ಕೊಳ್ಳೋದಾ ಹೊದ್ಕೊಳ್ಳೋದಾ ಅಂತ, ಹಾಗಾಯ್ತು!"

ತಲೆಯೊಳಗಿನ ಸೊಳ್ಳೆ ಗಪ್ಪೆಂದು ನಿಂತಿತು.

"ಏನಂದೆ?"

"ಅದೇ, ಹಾಸ್ಕೊಳ್ಳೋದಾ... ಯಾಕತ್ತಿಗೆ, ಹಾಗೆ ನೋಡ್ತೀರಿ? ಮೊದಲು ಅದನ್ನ ಆಚೆ ಇಡಿ. ಅವರಿಗೆ ಹತ್ತಿ ಧೂಳು ಕಂಡ್ರೆ ಆಗಲ್ಲ ಅಂತ ನಿಮಗೇ ಗೊತ್ತಲ್ಲ. ಸೀನಿ ಸೀನಿ ಮನೆ ಹಾರಿಸಿಬಿಡ್ತಾರೆ."

ಗೊತ್ತು. ಅವಳಿಗಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಹತ್ತಿಯ ಹಾಸಿಗೆಯ ಮೇಲೆ ಮಲಗಿದರೆ ಕಣ್ಣು ಊದಿಕೊಳ್ಳುತ್ತಿದ್ದ ತಮ್ಮನಿಗೆ ತಾನೇ ಚಾಪೆ ಹಾಸಿ, ತಾನೂ ಚಾಪೆಯ ಮೇಲೆ ಮಲಗಿ ಬೆಳೆಸಿದವಳು. ಅಜ್ಜಿ ಅಷ್ಟು ಬಿಡಿಸಿ ಹೇಳಿದಾಗಲೂ ಅದು ಅವಳಿಗೆ ನೆನಪಾಗಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದಳು.

ಇಲ್ಲ, ಇರಲಾರದು. ಹತ್ತಿ ಆಗದವರು ಊರಲ್ಲಿ ನೂರು ಜನ. ತಮಾಷೆಯ ಮಾತು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಈ ಡಬ್ಬಗಳೆಲ್ಲ ಒಂದೇ ಅಚ್ಚಿನವು, ಯಾವ ಗವಸು ಯಾವುದಕ್ಕೂ ಕೂಡುತ್ತದೆ. ಪ್ರಮಾಣಿಸಿ ನೋಡಬೇಕು. ಗವಸು ಎತ್ತಿ, ಡಬ್ಬವನ್ನು ಗೋಡೆಯಿಂದ ಈಚೆಗೆ ಎಳೆದು, ಬೆನ್ನು ತನ್ನ ಕಡೆಗೆ ತಿರುಗಿಸಿದಳು.

ಗಾಳಿಯಾಡುವ ತೂತುಗಳ ತುಂಬ ಬಿಳಿಯ ಹತ್ತಿ ಎಳೆಗಳು. ಅವುಗಳ ಮೇಲೆ, ಯಾರೂ ಒರೆಸದ ಕಪ್ಪು ತಗಡಿನ ಮೇಲೆ, ಸೀಮೆಸುಣ್ಣದ ಒಂದು ಗುಂಡು. ಒಳಗೆ ಹದಿನೇಳು. ಕೆಳಗೆ ಸರಿ ಗುರುತು, ಉದ್ದ ಬಾಲ, ತುದಿಯಲ್ಲಿ ಸುರುಳಿ.

ಜರಡಿ ಆ ಅಂಕೆಯ ಮೇಲೆ ಬೆರಳಿಟ್ಟಳು; ಬೆರಳಿಗೆ ಸುಣ್ಣ ಹತ್ತಿತು. ಅಲ್ಲೇ ನೆಲಕ್ಕೆ ಕೂತಳು. ಅಯ್ಯೋ ದೇವರೇ, ಮೇಷ್ಟ್ರು ಎಣಿಸಿ ಬಂದ ದಿನ ರಾತ್ರಿ ಇದೇ ಮನೆಯಲ್ಲಿ ಊಟಕ್ಕೆ ಕೂತು ತಾನೇ ಹೇಳಿದ್ದಳಲ್ಲ! ಹಾಸಿಗೆ ಬೀದೀಲಿ ಮನೆಗೊಂದು ಕಂಪ್ಯೂಟರ್ ಇದೆ ಅಂತ ಒಬ್ಬ ಮೇಷ್ಟ್ರು ಹಟ ಹಿಡಿದಿದಾರೆ ಕಣೋ, ನಾಳೆ ಸಂಜೆ ನನ್ನನ್ನೇ ಕರ್ಕೊಂಡು ಹೋಗಿ ತೋರಿಸ್ತಾರಂತೆ, ನೀರಿನ ಟ್ಯಾಂಕ್ ಹತ್ತಿರ ಕಾಯ್ತೀನಿ ಅಂದಿದಾರೆ. ತಮ್ಮ ಆಗ ಬಾಯಿ ತುಂಬ ನಕ್ಕು, ಹಾಸ್ಕೊಳ್ಳೋದಾ ಹೊದ್ಕೊಳ್ಳೋದಾ ಎಂದಿದ್ದ. ಮರುದಿನ ಇವಳು ಹೋಗುವಷ್ಟರಲ್ಲಿ ಮೆಟ್ಟಿಲ ಬುಡದಲ್ಲಿ ಜನ ಸೇರಿದ್ದರು.

"ಅತ್ತಿಗೆ! ಏನಾಯ್ತು? ನೀರು ತರ್ಲಾ?"

"ನಿನ್ನ ಗಂಡ ಎಲ್ಲಿ?"

"ನೀವೇ ಕಳಿಸಿದ್ರಲ್ಲ ಆಸ್ಪತ್ರೆಗೆ. ಊಟಾನೂ ಮಾಡದೆ ಎದ್ದು ಹೋದ್ರು."

ಜರಡಿ ಫೋನು ತೆಗೆದು ಒತ್ತಿದಳು. ಮೇಷ್ಟ್ರ ಹೆಂಡತಿ ಎತ್ತಿದಾಗ ಅವರ ದನಿಯಲ್ಲಿ ನಿದ್ದೆಯಿತ್ತು.

"ಮೇಡಂ, ನಿಮ್ಮ ತಮ್ಮ ಎಷ್ಟು ಒಳ್ಳೇವ್ರು! ಹೋಗಿ ಮಲಗಿ ಅಮ್ಮಾ, ನಾನಿದ್ದೀನಿ ಅಂತ ಆಟೋ ಕರೆದು ಹತ್ತಿಸಿದ್ರು. ಇವತ್ತು ಮನೇಲಿ ಬೆನ್ನು ಕೊಟ್ಟೆ ನೋಡಿ."

"ಎದ್ದೇಳಿ. ಆಸ್ಪತ್ರೆಗೆ ಫೋನ್ ಮಾಡಿ. ಯಾರಾದ್ರೂ ಆ ರೂಮಿಗೆ ಹೋಗ್ಲಿ, ಈಗಲೇ! ನಾನು ಹೊರಟೆ."

ಬೀದಿಗೆ ಓಡುತ್ತಲೇ ತಮ್ಮನ ನಂಬರು ಒತ್ತಿದಳು. ಮೊದಲ ಗಂಟೆಗೇ ಎತ್ತಿದ.

"ಹೇಳಕ್ಕಾ." ಅದೇ ದನಿ, ಮಧ್ಯಾಹ್ನದ್ದೇ, ಏಳು ವರ್ಷದವನಿದ್ದಾಗಿನದ್ದೇ.

"ಎಲ್ಲಿದ್ದೀಯಾ?"

"ಮೇಷ್ಟ್ರ ಪಕ್ಕದಲ್ಲೇ. ಕಣ್ಣು ಬಿಟ್ಟಿದಾರಕ್ಕ. ನನ್ನನ್ನೇ ನೋಡ್ತಿದಾರೆ. ಏನೋ ಹೇಳೋಕೆ ನೋಡ್ತಿದಾರೆ, ಮಾತು ಬರ್ತಿಲ್ಲ."

"ನರ್ಸನ್ನ ಕರಿ! ಬಾಗಿಲು ತೆಗೆದು ನೀನು ಆಚೆ ಬಾ. ನನ್ನ ಮೇಲಾಣೆ ಕಣೋ, ಆಚೆ ಬಾ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

"ಮನೆಗೆ ಹೋಗಿದ್ಯಾ ಅಕ್ಕಾ?"

ಜರಡಿ ಓಟ ಇನ್ನಷ್ಟು ಚುರುಕು ಮಾಡಿದಳು. ಫೋನಿನೊಳಗೆ, ದೂರದಲ್ಲಿ, ಯಾರೋ ಬಾಗಿಲು ಬಡಿಯುವ ಸದ್ದು ಕೇಳತೊಡಗಿತು. ಬಡಿತ ಜೋರಾಯಿತು.

"ನೀನೇ ಹೇಳಿದ್ಯಲ್ಲಕ್ಕ," ಎಂದ ತಮ್ಮ ಮೆಲ್ಲಗೆ, "ನೀನು ಬರೋ ತನಕ ಯಾರನ್ನೂ ಒಳಗೆ ಬಿಡಬೇಡ ಅಂತ."